'ಅವರಿಗೇನಾಗಿದೆ, ಡಾಕ್ಟ್ರೇ?'

ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ ಜನ ಈ ಪ್ರಶ್ನೆ ಕೇಳುತ್ತಾರೆ. 'ಅವರು' ಅಂದರೆ ಗಂಡ, ಅತ್ತೆ, ಬಾಸ್. ಚುನಾವಣೆ ಹತ್ತಿರ ಬಂದರೆ ಯಾವುದೋ ನಾಯಕ. ನಾನು ಡಾಕ್ಟರ್ ಅಲ್ಲ, ಮನೋವಿಶ್ಲೇಷಣೆ (ಮಾತು ಕೇಳುತ್ತಾ ಒಳಮನಸ್ಸನ್ನು ಅರಿಯುವ ಕೆಲಸ) ಮಾಡುತ್ತೇನೆ ಅಂತ ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿದ್ದೇನೆ. 'ನನಗೇನಾಗಿದೆ' ಅಂತ ಶುರು ಮಾಡುವವರು ಕಡಿಮೆ. ಕನ್ಸಲ್ಟಿಂಗ್ ರೂಮಿಗೆ ದುಡ್ಡು ಕೊಟ್ಟು ಬಂದವರೂ ಮೊದಲ ತಿಂಗಳೆಲ್ಲ ಬೇರೆಯವರ ವಿಷಯವೇ ಮಾತಾಡುತ್ತಾರೆ.

ಮಾತಾಡಲಿ, ಅದು ತಪ್ಪಲ್ಲ. ನನಗೆ ರೇಗುವುದು ಮುಂದಿನ ಹೆಜ್ಜೆಗೆ. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿ ಟ್ರಾಮಾ (ಮನಸ್ಸಿಗಾದ ಆಳದ ಗಾಯ), ನಾರ್ಸಿಸಿಸ್ಟ್ (ತಾನೇ ಎಲ್ಲ ಅಂದುಕೊಂಡವರು), ಡಿನೈಯಲ್ (ಇರುವ ಸತ್ಯವನ್ನು ಒಪ್ಪದಿರುವುದು) ಅನ್ನುವ ಪದಗಳನ್ನು ಕಲಿತು, ಮನೆಗೆ ಹೋಗಿ ಎದುರಿಗಿದ್ದವರ ಮೇಲೆ ಎಸೆಯುತ್ತಾರೆ. 'ನೀನು ಡಿನೈಯಲ್‌ನಲ್ಲಿದ್ದೀಯ.' ಪಾಪ, ಅವರು 'ಇಲ್ಲ' ಅಂದರೆ? 'ನೋಡು, ಇದೇ ಡಿನೈಯಲ್!' ಹೌದು ಅಂದರೂ ಸೋಲು, ಇಲ್ಲ ಅಂದರೂ ಸೋಲು. ಈ ಆಟದಲ್ಲಿ ಹೇಳಿದವರಿಗೆ ಮಾತ್ರ ಗೆಲುವು.

ಇದೇ ದೂರನ್ನು ಜನ ಮನೋವಿಶ್ಲೇಷಣೆಯನ್ನು ಶುರುಮಾಡಿದ ಸಿಗ್ಮಂಡ್ ಫ್ರಾಯ್ಡ್ ಮೇಲೂ ಹೇರಿದ್ದರು. 1937ರ ಒಂದು ಲೇಖನದಲ್ಲಿ ಆತ ಉತ್ತರ ಕೊಟ್ಟಿದ್ದಾನೆ. ನಾವು ಹೇಳಿದ್ದಕ್ಕೆ ರೋಗಿ ಹೌದು ಅಂದ, ಇಲ್ಲ ಅಂದ ಅನ್ನುವುದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ. ಆಮೇಲೆ ಏನು ಬರುತ್ತದೆ ನೋಡಬೇಕು. ಹಳೆಯ ನೆನಪೊಂದು ತಾನಾಗಿ ಮೇಲೆದ್ದು ಬಂತಾ? ಬಂದರೆ ನಮ್ಮ ಊಹೆ ಎಲ್ಲೋ ತಾಗಿದೆ. ಬರದಿದ್ದರೆ ನಮ್ಮ ಜಾಣತನ ನಮ್ಮ ಹತ್ತಿರವೇ ಇರಲಿ.

ಕಾರಣ ಹೇಳಿಬಿಟ್ಟರೆ ಮನಸ್ಸು ಸರಿಹೋಗುತ್ತದೆ ಅನ್ನುವ ನಂಬಿಕೆ ಹೊಸದೇನಲ್ಲ. 1910ರಲ್ಲಿ ಫ್ರಾಯ್ಡ್ ಒಬ್ಬ ಹೆಂಗಸಿನ ಕಥೆ ಬರೆದ. ನಲವತ್ತೈದು ದಾಟಿದಾಕೆ, ಗಂಡನಿಂದ ದೂರವಾಗಿದ್ದಳು, ವಿಪರೀತ ಆತಂಕ. ಒಬ್ಬ ಯುವ ವೈದ್ಯ ಅವಳಿಗೆ ಫ್ರಾಯ್ಡನ ಹೆಸರು ಹೇಳಿಯೇ ತೀರ್ಪು ಕೊಟ್ಟಿದ್ದ. ನಿಮ್ಮ ಆತಂಕಕ್ಕೆ ಕಾರಣ ಲೈಂಗಿಕ ಅತೃಪ್ತಿ. ಗಂಡನ ಹತ್ತಿರ ವಾಪಸ್ ಹೋಗಿ, ಇಲ್ಲ ಪ್ರೇಮಿಯೊಬ್ಬನನ್ನು ಹುಡುಕಿಕೊಳ್ಳಿ, ಇಲ್ಲ ನಿಮ್ಮಷ್ಟಕ್ಕೆ ನೀವೇ ತೃಪ್ತಿಪಡಿಸಿಕೊಳ್ಳಿ. ಹೆಂಗಸು ಮೊದಲಿಗಿಂತ ಜಾಸ್ತಿ ಗಾಬರಿಯಾಗಿ ಫ್ರಾಯ್ಡನ ಬಾಗಿಲಿಗೆ ಬಂದಳು. ಹೀಗೆ ಕಾರಣ ಹೇಳುವುದು ಬರಗಾಲದಲ್ಲಿ ಹಸಿದವರಿಗೆ ಮೆನು ಕಾರ್ಡ್ ಹಂಚಿದ ಹಾಗೆ ಅಂದ ಆತ. ಏನಾದರೂ ಹೇಳುವ ಮೊದಲು ಎರಡು ಆಗಿರಬೇಕು ಅಂತಲೂ ಬರೆದ. ರೋಗಿ ತಾನೇ ಆ ವಿಷಯದ ಹತ್ತಿರಕ್ಕೆ ಬಂದಿರಬೇಕು. ಕೇಳಿದ ತಕ್ಷಣ ಎದ್ದು ಓಡದಷ್ಟು ನಂಟು ವೈದ್ಯರ ಜೊತೆ ಬೆಳೆದಿರಬೇಕು.

ಇದನ್ನೆಲ್ಲ ಓದಿಕೊಂಡೂ ನಾನು ಅದೇ ತಪ್ಪು ಮಾಡಿದ್ದೇನೆ. ಶುರುವಿನ ವರ್ಷಗಳ ಮಾತು. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ. ಒಬ್ಬಾಕೆ ಪ್ರತಿ ವಾರ ಒಂದು ನೋಟ್‌ಬುಕ್ ತರುತ್ತಿದ್ದರು. ಅದರಲ್ಲಿ ಗಂಡನ ವರ್ತನೆಯ ಪಟ್ಟಿ. ತಾರೀಖು ಹಾಕಿ, ಅವನು ಅಂದದ್ದು ನೀಲಿಯಲ್ಲಿ, ಅದರ 'ಅರ್ಥ' ಕೆಂಪಿನಲ್ಲಿ. ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಒಂದು ದಿನ ನೋಟ್‌ಬುಕ್ ಮರೆತು ಬಂದರು. ಬ್ಯಾಗಿನ ಮೂರೂ ಜಿಪ್ ತೆಗೆದು ಹುಡುಕಿದರು. ಕೊನೆಗೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, 'ಇವತ್ತು ಏನು ಮಾತಾಡಲಿ?' ಅಂದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ನಮ್ಮಪ್ಪನೂ ಒಂದು ಪುಸ್ತಕ ಇಟ್ಟಿದ್ರು. ನಾವು ಮಾಡಿದ ತಪ್ಪೆಲ್ಲ ಬರೀತಿದ್ರು.'

ನಾನು ಸುಮ್ನೆ ಇರಬೇಕಿತ್ತು. ಎಷ್ಟು ಚೆನ್ನಾಗಿ ಕೂಡಿಬಂತಲ್ಲ ಅನ್ನುವ ಖುಷಿಗೆ ಬಾಯಿ ಬಿಟ್ಟೆ. 'ಅಪ್ಪ ನಿಮಗೆ ಮಾಡಿದ್ದನ್ನೇ ನೀವು ಗಂಡನಿಗೆ ಮಾಡ್ತಿದ್ದೀರಿ.' ಅವರು ತಲೆಯಾಡಿಸಿದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ಅವರ ಕಿವಿಗೆ ಬಿದ್ದದ್ದು ಇನ್ನೊಂದು ಕೆಂಪು ಇಂಕಿನ ಸಾಲು, ಈ ಸಲ ಅವರ ಹೆಸರಿನಲ್ಲಿ. ಜನರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದು ಇದೇ. ಸುಪ್ತ ಮನಸ್ಸಿನ ಬಗ್ಗೆ ಹೊರಗಿನವರು ಹೇಳುವ ಮಾತು ಬರೀ ಊಹೆ. ಸರಿಯಾದ ಊಹೆಯೂ ಹೊತ್ತಲ್ಲದ ಹೊತ್ತಿನಲ್ಲಿ ಹೇಳಿದರೆ ಬೈಗುಳವಾಗುತ್ತದೆ. ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ ಎದುರು ಕೂತು ಕೇಳುವ ನಮ್ಮ ಕೈಯಲ್ಲೇ ಹೀಗಾಗುತ್ತದೆ. ಅಡುಗೆಮನೆಯಲ್ಲಿ ಜಗಳದ ನಡುವೆ ಎಸೆದರೆ ಇನ್ನೇನಾದೀತು?

(ಗಂಡ ಕೈ ಮಾಡುತ್ತಿದ್ದರೆ ಅದು ಬೇರೆ ಮಾತು. ಅವನ ಬಾಲ್ಯ ಹುಡುಕುತ್ತಾ ಕೂರಬೇಡಿ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಹಾಗೇ ಸಾಯುವ ಯೋಚನೆ ಬರುತ್ತಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ತಡ ಮಾಡದೆ ಮನೋವೈದ್ಯರನ್ನು ನೋಡಿ. ನಮ್ಮ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ. ಮಾತ್ರೆ ಬೇಕಾದ ಕಡೆ ಮಾತ್ರೆಯೇ ಬೇಕು.)

ಇನ್ನು ನಾಯಕರ ವಿಷಯ. 1964ರಲ್ಲಿ ಅಮೆರಿಕದಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. 'ಫ್ಯಾಕ್ಟ್' ಅನ್ನುವ ಪತ್ರಿಕೆ 12,356 ಮನೋವೈದ್ಯರಿಗೆ ಪತ್ರ ಹಾಕಿ, ಈತ ಮಾನಸಿಕವಾಗಿ ಆ ಹುದ್ದೆಗೆ ಯೋಗ್ಯನಾ ಅಂತ ಕೇಳಿತು. 2,417 ಮಂದಿ ಉತ್ತರ ಬರೆದರು. ಅವರಲ್ಲಿ 1,189 ಮಂದಿ 'ಯೋಗ್ಯನಲ್ಲ' ಅಂದರು. ಒಂದು ಸಲವೂ ಎದುರು ಕೂರಿಸಿ ಮಾತಾಡಿಸದ ಮನುಷ್ಯನ ತಾಯಿ, ಬಾಲ್ಯ, ಗಂಡಸುತನ ಎಲ್ಲದರ ಬಗ್ಗೆ ಕೆಲವರು ಬರೆದರು. ಗೋಲ್ಡ್‌ವಾಟರ್ ಚುನಾವಣೆ ಸೋತರು, ಕೋರ್ಟಿನಲ್ಲಿ ಗೆದ್ದರು. ಪತ್ರಿಕೆಯ ಕಡೆಯವರು 75,000 ಡಾಲರ್ ದಂಡ ತೆರಬೇಕಾಯಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ನಿಯಮವನ್ನೇ ತಂದಿತು. ನೀವೇ ಪರೀಕ್ಷೆ ಮಾಡದ, ಒಪ್ಪಿಗೆ ಕೊಡದ ಸಾರ್ವಜನಿಕ ವ್ಯಕ್ತಿಯ ಮನಸ್ಸಿನ ಬಗ್ಗೆ ವೃತ್ತಿಪರ ತೀರ್ಪು ಕೊಡಬಾರದು. ಜನ ಇದನ್ನು ಈಗಲೂ ಗೋಲ್ಡ್‌ವಾಟರ್ ನಿಯಮ ಅನ್ನುತ್ತಾರೆ. ಅಪಾಯ ಕಂಡಾಗಲೂ ಬಾಯಿ ಮುಚ್ಚಿಕೊಂಡಿರಬೇಕಾ ಅಂತ ಇದನ್ನು ವಿರೋಧಿಸುವವರೂ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ನಿಯಮದ ಕಡೆಗೇ. ಒಬ್ಬ ನಾಯಕ ಬೇಡ ಅನ್ನುವುದಕ್ಕೆ ಆತನ ಆಡಳಿತ, ಮಾತು, ನಡೆ ಸಾಲದಾ? ರೋಗದ ಹೆಸರು ಯಾಕೆ ಬೇಕು? ಅದರಿಂದ ನಿಜವಾಗಿ ರೋಗ ಇರುವವರಿಗೆ ಅವಮಾನ, ಅಷ್ಟೇ.

ಹಾಗಾದರೆ ರಾಜಕೀಯದ ಬಗ್ಗೆ ನಮಗೆ ಹೇಳಲು ಏನೂ ಇಲ್ವಾ? ಇದೆ. ಪ್ರಶ್ನೆ ಮಾತ್ರ ಕೇಳಿದವರ ಕಡೆಗೇ ತಿರುಗುತ್ತದೆ. 1921ರಲ್ಲಿ ಫ್ರಾಯ್ಡ್ ಗುಂಪಿನ ಮನಸ್ಸಿನ ಬಗ್ಗೆ ಬರೆಯುವಾಗ ನಾಯಕನ ತಲೆಗಿಂತ ಹಿಂಬಾಲಕರ ಎದೆಯನ್ನೇ ಜಾಸ್ತಿ ನೋಡಿದ. ನಾನು ಹೀಗಿರಬೇಕು ಅಂತ ಪ್ರತಿಯೊಬ್ಬರ ಒಳಗೂ ಒಂದು ಅಳತೆಗೋಲು ಇರುತ್ತದೆ. ಗುಂಪಿನಲ್ಲಿ ಎಲ್ಲರೂ ಅದನ್ನು ಒಬ್ಬನ ಕೈಗೆ ಕೊಟ್ಟುಬಿಡುತ್ತಾರೆ. ಒಬ್ಬನಿಗೇ ಕೊಟ್ಟಿದ್ದರಿಂದ ಅವರವರಲ್ಲೇ ಅಣ್ಣತಮ್ಮಂದಿರ ನಂಟು ಹುಟ್ಟುತ್ತದೆ. ಅಳತೆಗೋಲು ಕೈಬಿಟ್ಟಾಗ ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ? ಮನೆಯಲ್ಲಿ ಬಾಯಿಂದ ಬಾರದ ಮಾತು ಗುಂಪಿನಲ್ಲಿ ಸಲೀಸಾಗಿ ಬರುವುದು ಅದಕ್ಕೇ.

ದ್ವೇಷಿಸುವವರೂ ಇದರಿಂದ ಹೊರಗಿಲ್ಲ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಪ್ರತಿ ಸಲ ಮೊದಲ ಹತ್ತು ನಿಮಿಷ ಒಬ್ಬ ನಾಯಕರನ್ನು ಬೈಯುತ್ತಿದ್ದರು. ಆ ನಾಯಕರ ಅಭಿಮಾನಿಗಳೂ ಅಷ್ಟು ಹೊತ್ತು ಅವರ ಭಾಷಣ ಕೇಳಿರಲಿಕ್ಕಿಲ್ಲ. ಒಂದು ದಿನ ಬೈಗುಳದ ಭರದಲ್ಲಿ ನಾಯಕರ ಹೆಸರಿನ ಜಾಗದಲ್ಲಿ 'ನಮ್ಮಣ್ಣ' ಅಂದುಬಿಟ್ಟರು. ಇಬ್ಬರೂ ನಕ್ಕೆವು. ಅಷ್ಟರಲ್ಲಿ ನನಗೂ ಸ್ವಲ್ಪ ಬುದ್ಧಿ ಬಂದಿತ್ತು, ಏನೂ ಹೇಳಲಿಲ್ಲ. ಆಸ್ತಿ ಜಗಳದ ಕಥೆ ಶುರುವಾದದ್ದು ಅವತ್ತೇ. ಆ ನಾಯಕರ ಬಗ್ಗೆ ಅವರ ಅಭಿಪ್ರಾಯವೇನೂ ಬದಲಾಗಲಿಲ್ಲ. ಯಾಕೆ ಬದಲಾಗಬೇಕು?

ನೋಟ್‌ಬುಕ್ಕಿನಾಕೆ ಮೂರನೇ ವಾರ ವಾಪಸ್ ಬಂದರು, ನನ್ನ ಅದೃಷ್ಟ. ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಕೂರುವ ಮೊದಲೇ, 'ನಂಗೊಂದು ಹೊಳೀತು' ಅಂದರು. 'ನಮ್ಮಪ್ಪ ಬರೀತಿದ್ರಲ್ಲ, ನಾನೂ ಹಾಗೇ ಬರೀತಿದ್ದೀನಿ. ಇಷ್ಟು ದಿನದಲ್ಲಿ ಯಾರೂ ನಂಗೆ ಇದನ್ನ ಹೇಳಲೇ ಇಲ್ಲ ನೋಡಿ.'

ನಾನು 'ಹೂಂ' ಅಂದೆ.

ಆಮೇಲೆ ಅವರು ಅಪ್ಪನ ಪುಸ್ತಕದಿಂದ ಒಂದು ಹಾಳೆ ಹರಿದಿದ್ದ ಕಥೆ ಹೇಳಿದರು. ಆಗ ಏಳು ವರ್ಷವಂತೆ. ತಮ್ಮನ ಹೆಸರಿದ್ದ ಹಾಳೆ. ಅದನ್ನು ಮಡಚಿ ಮಡಚಿ ಚಿಕ್ಕದು ಮಾಡಿ ಶೂ ಒಳಗಿಟ್ಟುಕೊಂಡು ದಿನವಿಡೀ ಸ್ಕೂಲಿನಲ್ಲಿ ಓಡಾಡಿದ್ದರಂತೆ.