ಮೆನುವಿಗೆ ಕೈ ಹಾಕುವ ಮೊದಲು ಮೇಜು ಸರಿಸಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆಯಿಂದ ಪ್ರೊಜೆಕ್ಟರ್ ಕೆಟ್ಟಿದೆ ಅಂತ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಮಾತು ಒಂದೇ: "ಲ್ಯಾಂಪ್ ಹೋಗಿದೆ, ಹೊಸತು ಹಾಕಲಿಕ್ಕೆ ಎಷ್ಟಾಗುತ್ತದೆ?" ಹೋಗಿ ನೋಡಿದರೆ ಎಷ್ಟೋ ಸಲ ಲ್ಯಾಂಪ್‌ಗೆ ಏನೂ ಆಗಿರುವುದಿಲ್ಲ. ಯಂತ್ರ ಅಲುಗದಿರಲಿ ಅಂತ ಯಾರೋ ಅಡಿಗೆ ಬೈರಾಸು ಮಡಚಿ ಇಟ್ಟಿರುತ್ತಾರೆ, ಗಾಳಿ ಒಳಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಇಲ್ಲವೇ ಫಿಲ್ಟರ್ ತುಂಬಾ ಕೆಂಪು ಧೂಳು. ಇಲ್ಲವೇ ಕರೆಂಟು ಹೋಗಿ ಬಂದ ಮೇಲೆ ಸ್ವಲ್ಪ ಹೊತ್ತು ತಡೆಯುವ ವ್ಯವಧಾನ ಇರಲಿಲ್ಲ, ಅಷ್ಟೇ.

ಪ್ರೊಜೆಕ್ಟರ್ ಈಗ ನಮ್ಮಲ್ಲಿ ಅಪರೂಪದ ವಸ್ತುವೇನೂ ಅಲ್ಲ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ ಕೈಟ್ 2018ರಲ್ಲಿ ಶುರು ಮಾಡಿದ ಹೈಟೆಕ್ ಶಾಲೆ ಯೋಜನೆಯಲ್ಲಿ ಕೇರಳದ 8ರಿಂದ 12ರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ನಮ್ಮ ಕನ್ನಡ ಮಾಧ್ಯಮದ ಕೋಣೆಗಳಿಗೂ ಬಂದವು. ಮದುವೆ ಹಾಲ್, ಬ್ರಹ್ಮಕಲಶೋತ್ಸವದ ಚಪ್ಪರ, ಸಹಕಾರಿ ಸಂಘದ ಮಹಾಸಭೆ, ಎಲ್ಲಿ ಹೋದರೂ ಒಂದು ಇರುತ್ತದೆ. ತೊಂದರೆ ಏನೆಂದರೆ ನಾವು ಅದನ್ನು ಟಿವಿಯ ಹಾಗೆ ನೋಡುತ್ತೇವೆ. ಟಿವಿಯನ್ನು ಮೂಲೆಯಲ್ಲಿ ಓರೆ ಇಟ್ಟರೂ ಚಿತ್ರ ಕೆಡುವುದಿಲ್ಲ. ಪ್ರೊಜೆಕ್ಟರ್‌ನ ಚಿತ್ರ ಚೆನ್ನಾಗಿ ಬರುವುದೋ ಇಲ್ಲವೋ ಅನ್ನುವುದು ಅದನ್ನು ಎಲ್ಲಿ, ಹೇಗೆ ಇಟ್ಟಿದ್ದೀರಿ ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಜಾಗ ತಪ್ಪಿದ ಮೇಲೆ ರಿಮೋಟ್ ಎಷ್ಟು ಒತ್ತಿದರೂ ಅದು ತೇಪೆ ಹಾಕುವ ಕೆಲಸ.

ಮೊದಲು ದೂರ. ಪ್ರತಿ ಯಂತ್ರಕ್ಕೂ ಥ್ರೋ ರೇಶಿಯೋ ಅಂತ ಒಂದು ಲೆಕ್ಕ ಇರುತ್ತದೆ. ಪರದೆಗೂ ಲೆನ್ಸಿಗೂ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1.5 ಅಂತ ಇದ್ದರೆ 6 ಅಡಿ ಅಗಲದ ಚಿತ್ರಕ್ಕೆ 9 ಅಡಿ ಬೇಕು, 10 ಅಡಿಯದಕ್ಕೆ 15 ಅಡಿ. ಶಾರ್ಟ್ ಥ್ರೋ ಯಂತ್ರದಲ್ಲಿ ಇದು 0.5ರ ಹತ್ತಿರ ಇರುತ್ತದೆ, ಆಗ 6 ಅಡಿ ಚಿತ್ರಕ್ಕೆ 3 ಅಡಿ ಸಾಕು. ಜೂಮ್ ರಿಂಗ್ ಇದೆಯಲ್ಲ ಅಂತ ಧೈರ್ಯ ಬೇಡ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಅದನ್ನು ಪೂರ್ತಿ ತಿರುಗಿಸಿದರೂ ಚಿತ್ರ ಹಿಗ್ಗುವುದು ಶೇಕಡಾ ಹತ್ತಿಪ್ಪತ್ತು ಮಾತ್ರ.

"ಇನ್ನೂ ದೊಡ್ಡದು ಮಾಡಿ ಅಣ್ಣಾ, ಹಿಂದೆ ಕೂತವರಿಗೂ ಕಾಣಲಿ" ಅಂತ ಕಾರ್ಯಕ್ರಮದವರು ಹೇಳುವುದು ಮಾಮೂಲು. 6 ಅಡಿಗೆ 4 ಅಡಿಯ ಪರದೆ ಅಂದರೆ 24 ಚದರ ಅಡಿ. 12ಕ್ಕೆ 8 ಮಾಡಿದರೆ 96. ಅದೇ 3,000 ಲ್ಯುಮೆನ್ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ರಾತ್ರಿ ಪರವಾಗಿಲ್ಲ. ಹಗಲು, ಅದೂ ಬಿಳಿ ಶೀಟು ಹಾಕಿದ ಚಪ್ಪರದಲ್ಲಿ, ದೊಡ್ಡ ಮಂಕು ಚಿತ್ರಕ್ಕಿಂತ ಚಿಕ್ಕ ಸ್ಪಷ್ಟ ಚಿತ್ರವೇ ಹಿಂದಿನವರಿಗೂ ಚೆನ್ನಾಗಿ ಕಾಣುತ್ತದೆ.

ಎರಡನೆಯದು ನಡುಗೆರೆ. ಯಂತ್ರ ಪರದೆಯ ನಟ್ಟನಡುವಿಗೆ ನೇರ ಇರಬೇಕು. ಕಣ್ಣಂದಾಜು ಇಲ್ಲಿ ಸಾಲದು, ಬದಿಯಲ್ಲಿ ಕಿಟಕಿ ಇದ್ದರೆ, ಗೋಡೆ ಸ್ವಲ್ಪ ಓರೆ ಇದ್ದರೆ ಕಣ್ಣು ಮೋಸ ಹೋಗುತ್ತದೆ. ಎರಡು ಹಗ್ಗ ತಗೊಳ್ಳಿ, ಎರಡೂ ಒಂದೇ ಉದ್ದ. ಒಂದರ ತುದಿ ಪರದೆಯ ಎಡ ಕೆಳಮೂಲೆಗೆ, ಇನ್ನೊಂದರದ್ದು ಬಲ ಕೆಳಮೂಲೆಗೆ. ಎರಡನ್ನೂ ಬಿಗಿಯಾಗಿ ಎಳೆದು ಕೂಡಿಸಿದ ಜಾಗವೇ ನಡುಗೆರೆ. ಲೆನ್ಸ್ ಅದರ ಮೇಲೆ ಬರಬೇಕು. ಯಂತ್ರದ ಹೊಟ್ಟೆ ನಡುವಿಗೆ ಬಂದರೆ ಸಾಲದು, ಯಾಕೆಂದರೆ ಎಷ್ಟೋ ಮಾದರಿಗಳಲ್ಲಿ ಲೆನ್ಸ್ ಒಂದು ಬದಿಗೆ ಇರುತ್ತದೆ.

ಮೂರನೆಯದು ಎತ್ತರ. ಇಲ್ಲೇ ಜಾಸ್ತಿ ಎಡವಟ್ಟು. ಮೇಜಿನ ಮೇಲಿಡುವ ಯಂತ್ರಗಳು ಬೆಳಕನ್ನು ಸ್ವಲ್ಪ ಮೇಲ್ಮುಖವಾಗಿ ಬಿಡುವಂತೆಯೇ ಮಾಡಿರುತ್ತಾರೆ. ಯಂತ್ರ ಮಟ್ಟವಾಗಿ ಕುಳಿತಿದ್ದರೆ ಚಿತ್ರದ ಕೆಳ ಅಂಚು ಹೆಚ್ಚುಕಡಿಮೆ ಲೆನ್ಸಿನ ಎತ್ತರಕ್ಕೆ ಬರುತ್ತದೆ. ಮಾಡಿಗೆ ತೂಗುಹಾಕುವಾಗ ತಲೆಕೆಳಗು ಮಾಡುತ್ತೇವಲ್ಲ, ಆಗ ಮೇಲಂಚು ಲೆನ್ಸಿನ ಮಟ್ಟಕ್ಕೆ. ಮೆನುವಿನಲ್ಲಿ ಸೀಲಿಂಗ್ ಅಂತ ಆಯ್ಕೆ ಮಾಡಿದರೆ ಚಿತ್ರ ನೆಟ್ಟಗಾಗುತ್ತದೆ. ಹಾಗಾದರೆ ಮೇಜು ಪರದೆಯ ಕೆಳ ಅಂಚಿನ ಮಟ್ಟಕ್ಕೆ ಬರಬೇಕು. ನಮ್ಮಲ್ಲಿ ಆಗುವುದೇನು? ಪರದೆ ವೇದಿಕೆಯ ಮೇಲೆ ಎತ್ತರದಲ್ಲಿ, ಮೇಜು ಕೆಳಗೆ ಸಭೆಯಲ್ಲಿ. ಯಂತ್ರದ ಮುಂಭಾಗಕ್ಕೆ ಎರಡು ಪಠ್ಯಪುಸ್ತಕ ಕೊಟ್ಟು ಮೂತಿ ಮೇಲೆತ್ತುತ್ತಾರೆ. ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ. ಆಮೇಲೆ ರಿಮೋಟ್ ಹಿಡಿದು ಕೀಸ್ಟೋನ್ ಒತ್ತುವುದು. ನೋಡಲಿಕ್ಕೆ ಚೌಕ ಆಯಿತು, ಎಲ್ಲರಿಗೂ ಖುಷಿ.

ಈ ಕೀಸ್ಟೋನ್ ಏನು ಮಾಡುತ್ತದೆ ಅಂತ ಸ್ವಲ್ಪ ಒಳಗೆ ಹೋಗಿ ನೋಡುವ. ಪ್ರೊಜೆಕ್ಟರ್‌ಗಳಲ್ಲಿ ಡಿಎಲ್‌ಪಿ ಅಂತ ಒಂದು ಬಗೆ ಇದೆ, ಅದರ ಚಿಪ್‌ನಲ್ಲಿ ಒಂದೊಂದು ಚುಕ್ಕೆಗೂ ಒಂದೊಂದು ಸಣ್ಣ ಕನ್ನಡಿ ಇರುತ್ತದೆ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದದ್ದು. 1280ಕ್ಕೆ 800ರ ಚಿಪ್ ಅಂದರೆ ಹತ್ತು ಲಕ್ಷಕ್ಕೂ ಮೀರಿದ ಕನ್ನಡಿಗಳು. ಕೀಸ್ಟೋನ್ ಲೆನ್ಸನ್ನು ಮುಟ್ಟುವುದೇ ಇಲ್ಲ. ಚಿತ್ರವನ್ನೇ ಉಲ್ಟಾ ಓರೆಗೆ ಹಿಂಡಿ, ಅಂಚಿನ ಕನ್ನಡಿಗಳನ್ನು ಕೆಲಸವಿಲ್ಲದೆ ಕೂರಿಸುತ್ತದೆ. ಉಳಿದ ಕಡಿಮೆ ಚುಕ್ಕೆಗಳಲ್ಲಿ ಇಡೀ ಚಿತ್ರವನ್ನು ತುರುಕಬೇಕು. ಸಿನಿಮಾ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಕನ್ನಡ ಅಕ್ಷರ ಹಾಕಿ ನೋಡಿ. ಒತ್ತಕ್ಷರಗಳು ಮೊದಲು ಹೋಗುತ್ತವೆ. 'ಸ್ತ್ರ', 'ಕ್ಷ್ಮ' ಇದ್ದಲ್ಲಿ ಕೆಳಗೆ ಒಂದು ಕಪ್ಪು ಗುಡ್ಡೆ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಪೆಟ್ಟು ಬೀಳುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ತೋರಿಸುವಾಗ ಎಲ್ಲ ಸರಿ ಕಾಣುತ್ತದೆ. ಇನ್ನೊಂದು ವಿಷಯ: ಕೋಣೆ ಕತ್ತಲೆ ಮಾಡಿದರೆ ಚಿತ್ರದ ಸುತ್ತ ಮಬ್ಬು ಬೂದು ಬಣ್ಣದ ಓರೆ ಚೌಕಟ್ಟು ಕಾಣುತ್ತದೆ. ಕೆಲಸವಿಲ್ಲದೆ ಕುಳಿತ ಆ ಕನ್ನಡಿಗಳಿಂದ ಸೋರುವ ಬೆಳಕು ಅದು.

ನಾನು ಮಾಡುವುದು ಇಷ್ಟೇ. ಕೀಸ್ಟೋನ್ ಸೊನ್ನೆಗೆ ತಂದು, ಪುಸ್ತಕ ತೆಗೆದು, ಬೆಂಚಿನ ಮೇಲೆ ಬೆಂಚು ಇಟ್ಟಾದರೂ ಯಂತ್ರವನ್ನು ಎತ್ತರಕ್ಕೆ ಏರಿಸುತ್ತೇನೆ. ಆಗದಿದ್ದರೆ ಪರದೆಯನ್ನೇ ಒಂದಡಿ ಇಳಿಸಿ ಅನ್ನುತ್ತೇನೆ. ಎರಡೂ ಆಗದಿದ್ದಾಗ ಮಾತ್ರ ಸ್ವಲ್ಪ ಕೀಸ್ಟೋನ್. ಕೆಲವು ಯಂತ್ರ ತಾನಾಗಿಯೇ ಕೀಸ್ಟೋನ್ ಹಾಕಿಕೊಳ್ಳುತ್ತದೆ. ನಾನು ಮೊದಲು ಆಫ್ ಮಾಡುವುದು ಅದನ್ನೇ.

ಫೋಕಸ್ ಕೊನೆಗೆ. ಜೂಮ್ ತಿರುಗಿಸಿದರೆ ಫೋಕಸ್ ಮತ್ತೆ ತಪ್ಪುತ್ತದೆ, ಹಾಗಾಗಿ ಮೊದಲೇ ಮಾಡಿದ್ದು ದಂಡ. ಫೋಟೋ ಹಾಕಿ ಫೋಕಸ್ ಮಾಡಬೇಡಿ, ಸಣ್ಣ ಅಕ್ಷರದ ಪುಟ ಹಾಕಿ. ನಡುವೆ ಸರಿಯಾಗಿ, ಮೂಲೆ ಮಸುಕಾದರೆ ಎರಡಕ್ಕೂ ಮಧ್ಯದ ಒಂದು ಜಾಗ ಹುಡುಕಿ. ಯಂತ್ರ ಬಿಸಿಯಾದ ಮೇಲೆ ಫೋಕಸ್ ಒಂದು ಕೂದಲಷ್ಟು ಸರಿಯುವುದುಂಟು. ಅದಕ್ಕೆ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಆನ್ ಮಾಡಿ, ಶುರುವಾಗುವ ಮೊದಲು ಇನ್ನೊಮ್ಮೆ ನೋಡಿಬಿಡಿ.

ಲ್ಯಾಪ್‌ಟಾಪ್ ಜೋಡಿಸುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಿತ್ರ ಬಾರದಿದ್ದರೆ ವಿಂಡೋಸ್ ಗುರುತಿನ ಕೀ ಜೊತೆ 'ಪಿ' ಒತ್ತಿ. ಶಾಲೆಗಳ ಉಬುಂಟುವಿನಲ್ಲೂ ಅದೇ. ಮುಖಗಳು ಎಳೆದ ಹಾಗೆ ಕಂಡರೆ ರೆಸೊಲ್ಯೂಶನ್ ಯಂತ್ರದ್ದಕ್ಕೆ ಹೊಂದಿಲ್ಲ ಎಂದರ್ಥ. ವಿಜಿಎ ಕೇಬಲ್‌ನಲ್ಲಿ ಎಲ್ಲ ಹಳದಿಯೋ ಗುಲಾಬಿಯೋ ಆದರೆ ಪಿನ್ನು ಬಾಗಿದೆ, ಇಲ್ಲ ಸಡಿಲ ಇದೆ. ಎಚ್‌ಡಿಎಂಐ ಹಾಕಿದ ಕೂಡಲೇ ಮೈಕ್‌ಸೆಟ್‌ನಲ್ಲಿ ಸೌಂಡ್ ನಿಂತಿತು ಅಂತ ಗಾಬರಿ ಆಗುತ್ತಾರೆ. ಸೌಂಡ್ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿರುತ್ತದೆ, ಲ್ಯಾಪ್‌ಟಾಪ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಬದಲಿಸಿದರೆ ಆಯಿತು.

ಬಣ್ಣದ ಬಗ್ಗೆ ಒಂದು ಮಾತು. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು. ಬೆಳಕು ಬೀಳದ ಜಾಗವೇ ಅದರ ಕಪ್ಪು, ಅಂದರೆ ಪರದೆ ಆಗ ಹೇಗೆ ಕಾಣುತ್ತದೋ ಅದಕ್ಕಿಂತ ಕಪ್ಪು ಬರಲಿಕ್ಕೇ ಇಲ್ಲ. ಇಡೀ ಹಾಲ್ ಕತ್ತಲೆ ಮಾಡಬೇಕಿಲ್ಲ. ಪರದೆಯ ಮೇಲೆ ಬೀಳುವ ಎರಡು ಟ್ಯೂಬ್‌ಲೈಟ್ ಆರಿಸಿದರೆ ಸಾಕು. ಚಿತ್ರ ಮಂಕಾಗಿದೆ ಅಂತ ಬ್ರೈಟ್‌ನೆಸ್ ಏರಿಸಬೇಡಿ, ಆ ಹೆಸರು ನಂಬಿ ಮೋಸ ಹೋಗುವವರೇ ಜಾಸ್ತಿ. ಅದು ಲ್ಯಾಂಪಿನ ಬೆಳಕು ಹೆಚ್ಚಿಸುವುದಿಲ್ಲ, ಕಪ್ಪನ್ನು ಬೂದು ಮಾಡುತ್ತದೆ. ಇನ್ನು ಡೈನಮಿಕ್, ಬ್ರೈಟ್ ಅಂತ ಇರುವ ಮೋಡ್‌ಗಳಲ್ಲಿ ಬೆಳಕು ಜಾಸ್ತಿ, ಬಣ್ಣ ಹಾಳು. ಕಡಿಮೆ ಬೆಲೆಯ ಡಿಎಲ್‌ಪಿ ಯಂತ್ರಗಳಲ್ಲಿ ಬೆಳಕಿಗೆ ಬಣ್ಣ ಕೊಡಲಿಕ್ಕೆ ತಿರುಗುವ ಚಕ್ರದಲ್ಲಿ ಬಿಳಿಗೂ ಒಂದು ಪಾಲು ಇರುತ್ತದೆ. ಬಿಳಿ ಝಗ್ ಅಂತ ಬರುತ್ತದೆ, ಕೆಂಪು ಹಳದಿ ಸಪ್ಪೆ. ಯಕ್ಷಗಾನದ ವೀಡಿಯೋ ಹಾಕಿ ನೋಡಿ, ವೇಷದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಸಿನಿಮಾ ಮೋಡ್‌ಗೆ ಹಾಕಿ. ಬೆಳಕು ಸ್ವಲ್ಪ ಕಮ್ಮಿ ಆದರೂ ವೇಷ ವೇಷದ ಹಾಗೆ ಕಾಣುತ್ತದೆ.

ಇನ್ನು ಆರಿಸುವ ಕೆಲಸ. ಕಾರ್ಯಕ್ರಮ ಮುಗಿಯಿತು, ವಂದನಾರ್ಪಣೆ ಆಯಿತು, ಊಟಕ್ಕೆ ಹೋಗುವ ಅವಸರ. ಯಾರೋ ಗೋಡೆಯ ಸ್ವಿಚ್ ತೆಗೆದುಬಿಡುತ್ತಾರೆ. ಲ್ಯಾಂಪ್ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಆ ಲ್ಯಾಂಪ್ ಮನೆಯ ಬಲ್ಬಿನಂಥದ್ದಲ್ಲ. ಕಡಲೆಕಾಳಿನಷ್ಟು ಜಾಗದ ಸ್ಫಟಿಕದ ಗಾಜಿನೊಳಗೆ ಪಾದರಸದ ಆವಿ ಇರುತ್ತದೆ. ಉರಿಯುವಾಗ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 200 ಪಟ್ಟಿನಷ್ಟು. ಗಾಜಿನ ಬಿಸಿ 900 ಡಿಗ್ರಿ ಮೀರುತ್ತದೆ. ಇಷ್ಟನ್ನೂ ತಡೆದು ನಿಲ್ಲಿಸಿರುವುದು ಫ್ಯಾನ್. ಕರೆಂಟು ಕಿತ್ತರೆ ಲ್ಯಾಂಪ್ ಜೊತೆ ಫ್ಯಾನೂ ನಿಂತು, ಆ ಬಿಸಿ ಹೊರಗೆ ಹೋಗಲಾರದೆ ಒಳಗಿನ ಪ್ಲಾಸ್ಟಿಕ್, ಪ್ಯಾನೆಲ್, ವೈರುಗಳಿಗೆ ಹತ್ತುತ್ತದೆ. ಇನ್ನೊಂದು ಬಗೆಯಾದ ಎಲ್‌ಸಿಡಿ ಯಂತ್ರಗಳಲ್ಲಿ ಚಿತ್ರದ ಒಂದು ಮೂಲೆ ಹಳದಿಯೋ ನೀಲಿಯೋ ತಿರುಗುವುದನ್ನು ನೋಡಿದ್ದೀರಲ್ವಾ? ಹೆಚ್ಚಾಗಿ ಬಿಸಿಗೆ ಬೆಂದ ಪೊಲರೈಸರ್‌ನ, ಅಂದರೆ ಒಳಗೆ ಬೆಳಕು ಸೋಸುವ ತೆಳು ಹಾಳೆಯ ಕಲೆ ಅದು, ಒರೆಸಿದರೆ ಹೋಗುವುದಿಲ್ಲ.

ಸರಿಯಾದ ಕ್ರಮ ಸುಲಭ. ಪವರ್ ಬಟನ್ ಒತ್ತಿ. 'ಆರಿಸಬೇಕೇ' ಅಂತ ಪರದೆಯಲ್ಲಿ ಕೇಳುತ್ತದೆ, ಇನ್ನೊಮ್ಮೆ ಒತ್ತಿ. ಬೆಳಕು ಹೋಗುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ, ಸಣ್ಣ ದೀಪ ಮಿಣುಕುತ್ತದೆ. ಒಂದೆರಡು ನಿಮಿಷದಲ್ಲಿ ಫ್ಯಾನ್ ನಿಂತು ದೀಪ ಸ್ಥಿರವಾಗುತ್ತದೆ. ಆಗ ಸ್ವಿಚ್ ತೆಗೆಯಿರಿ. ಕಾಯುವಾಗ ಕೇಬಲ್ ಸುತ್ತಿಕೊಳ್ಳಿ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನೇರ ಸ್ವಿಚ್ ತೆಗೆದರೂ ಆಗುತ್ತದೆ ಎನ್ನುವ ಹೊಸ ಮಾದರಿಗಳಿವೆ. ಅವನ್ನೂ ಬಿಸಿ ಇರುವಾಗ ಚೀಲಕ್ಕೆ ತುಂಬಬೇಡಿ.

ನಮ್ಮೂರಿನ ಕರೆಂಟು ನಮ್ಮ ಮಾತು ಕೇಳುವುದಿಲ್ಲ, ಅದು ಬೇರೆ ಮಾತು. ಗಾಳಿ ಮಳೆಗೆ ಅಡಿಕೆ ಮರವೋ ತೆಂಗಿನ ಮಡಲೋ ಲೈನಿನ ಮೇಲೆ ಬಿದ್ದರೆ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರಾದರೂ ಏನು ಮಾಡುತ್ತಾರೆ. ಹೋದ ಕರೆಂಟು ನಿಮಿಷದಲ್ಲೇ ವಾಪಸ್ ಬರುತ್ತದೆ, ಟೀಚರ್ ಬಟನ್ ಒತ್ತುತ್ತಾರೆ, ಲ್ಯಾಂಪ್ ಹತ್ತುವುದಿಲ್ಲ. ಮತ್ತೆ ಒತ್ತುತ್ತಾರೆ. ಟಿಕ್ ಟಿಕ್ ಸದ್ದು, ಕೆಂಪು ದೀಪ. "ಲ್ಯಾಂಪ್ ಹೋಯಿತು!" ಹೋಗಿಲ್ಲ ಟೀಚರೇ. ತಣ್ಣಗಿರುವಾಗ ಲ್ಯಾಂಪಿನೊಳಗೆ ಒತ್ತಡ ಕಡಿಮೆ, ಸಾವಿರಾರು ವೋಲ್ಟಿನ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಬಿಸಿ ಇರುವಾಗ ಒತ್ತಡ ಎಷ್ಟಿರುತ್ತದೆಂದರೆ ಅದೇ ಕಿಡಿ ದಾಟಲಾರದು. ಹತ್ತು ನಿಮಿಷ ಬಿಡಿ, ಅಷ್ಟರವರೆಗೆ ಬೋರ್ಡಿನಲ್ಲಿ ಪಾಠ ಮಾಡಿ. ಸುಮ್ನೆ ಒತ್ತುತ್ತಾ ಕೂತರೆ ಒಂದೊಂದು ಕಿಡಿಗೂ ಎಲೆಕ್ಟ್ರೋಡ್ ಸವೆಯುತ್ತದೆ.

ಆಗುವುದಾದರೆ ಒಂದು ಯುಪಿಎಸ್ ಇಡಿ. ತರಗತಿಯ ಯಂತ್ರ 250ರಿಂದ 350 ವಾಟ್ ಎಳೆಯುತ್ತದೆ, ಕಂಪ್ಯೂಟರಿನ ಚಿಕ್ಕ ಯುಪಿಎಸ್ ಏದುಸಿರು ಬಿಡುತ್ತದೆ. 1 ಕೆವಿಎ ಇದ್ದರೆ ನಿಶ್ಚಿಂತೆ. ಪಾಠ ಮುಂದುವರಿಸಲಿಕ್ಕೆ ಅಂತ ಅಲ್ಲ, ಫ್ಯಾನಿಗೆ ಎರಡು ನಿಮಿಷ ಕೊಡಲಿಕ್ಕೆ. ಉತ್ಸವದ ಚಪ್ಪರದಲ್ಲಿ ಜನರೇಟರ್ ಇದ್ದರೆ ದೊಡ್ಡ ಹ್ಯಾಲೊಜನ್‌ಗಳ ಲೈನಿಗೆ ಪ್ರೊಜೆಕ್ಟರ್ ಸೇರಿಸಬೇಡಿ.

ಭಾಷಣದ ನಡುವೆ ಐದು ಹತ್ತು ನಿಮಿಷ ಚಿತ್ರ ಬೇಡವಾದರೆ ಆರಿಸಲೂಬೇಡಿ, ಲೆನ್ಸಿಗೆ ಮುಚ್ಚಳ ಹಾಕಲೂಬೇಡಿ. ಮುಚ್ಚಳ ಕರಗಿದ್ದನ್ನು ನೋಡಿದ್ದೇನೆ. ರಿಮೋಟಿನಲ್ಲಿ ಬ್ಲ್ಯಾಂಕ್ ಅಥವಾ ಮ್ಯೂಟ್ ಬಟನ್ ಇರುವುದೇ ಅದಕ್ಕೆ.

ಲೇಸರ್ ಯಂತ್ರಗಳಿಗೆ ಈ ಬಿಸಿ ಲ್ಯಾಂಪಿನ ತಾಪತ್ರಯ ಇಲ್ಲ. ಕರೆಂಟು ಬಂದ ಕೂಡಲೇ ಹತ್ತುತ್ತದೆ. ಲ್ಯಾಂಪ್ ಮೂರ್ನಾಲ್ಕು ಸಾವಿರ ಗಂಟೆಗೆ ಸುಸ್ತಾದರೆ ಅದು 20,000 ಗಂಟೆಯ ಲೆಕ್ಕದಲ್ಲಿ ಬಾಳುತ್ತದೆ. ಹೊಸತು ತೆಗೆಯುವವರು ಕೇಳಿದರೆ, ಕೈಯಲ್ಲಿ ದುಡ್ಡಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಮಕ್ಕಳು ಲೆನ್ಸಿನೊಳಗೆ ಇಣುಕದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಉತ್ಸವ, ಯಕ್ಷಗಾನದ ಆಟ ಎಲ್ಲ ನಿಂತ ಮೇಲೆ ಸಂಘಗಳ ಪ್ರೊಜೆಕ್ಟರ್ ಕಪಾಟು ಸೇರುತ್ತದೆ. ಅದು ಹಾಳಾಗುವುದು ಆಗಲೇ. ಬೇಸಗೆಯಲ್ಲಿ ಅಂಗಳದ ಮುರಕಲ್ಲಿನ ಧೂಳನ್ನು ಎಳೆದುಕೊಂಡ ಫಿಲ್ಟರ್ ಹಾಗೇ ಇರುತ್ತದೆ, ಮಳೆಗಾಲದ ಆಟಿ ತಿಂಗಳ ತೇವಕ್ಕೆ ಆ ಧೂಳು ಕೆಸರಿನ ಪದರವಾಗಿ ಗಟ್ಟಿಯಾಗುತ್ತದೆ. ಲೆನ್ಸಿನ ಮೇಲೆ ಜೇಡರ ಬಲೆಯಂಥ ಬೂಸ್ಟು. ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಕೇಬಲ್ ಪಿನ್ನೂ ಕಿಲುಬು ಹಿಡಿಯುತ್ತದೆ. ಕಪಾಟಿಗೆ ಇಡುವ ಮೊದಲು ಫಿಲ್ಟರ್ ತೆಗೆದು ಮೆತ್ತನೆ ಬ್ರಶ್‌ನಲ್ಲಿ ಝಾಡಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆ ಅರ್ಧ ಗಂಟೆ ಉರಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ಎಲೆ ತಿರುಗದ ಹಾಗೆ ತಡೆದುಕೊಳ್ಳಿ. ಲೆನ್ಸನ್ನು ಮುಂಡಿನ ತುದಿಯಲ್ಲಿ ಒರೆಸಬೇಡಿ, ಕನ್ನಡಕದ ಬಟ್ಟೆ ಸಾಕು.

ಲ್ಯಾಂಪ್ ನಿಜಕ್ಕೂ ಹೋದರೆ, ತಣ್ಣಗಾದ ಮೇಲೆ ಅಗ್ಗದ ಬರೀ ಗಾಜಿಗಿಂತ ಕಂಪನಿ ಹೇಳಿದ, ಲ್ಯಾಂಪ್ ಸಮೇತದ ಪೂರ್ತಿ ಗೂಡನ್ನೇ ಹಾಕಿಸಿ, ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆ ಮಾಡಿ. ಒಡೆದ ಸದ್ದು ಕೇಳಿದ್ದರೆ ಕಿಟಕಿ ಬಾಗಿಲು ತೆರೆದು ಮಕ್ಕಳನ್ನು ಹೊರಗೆ ಕಳಿಸಿ, ಒಳಗೆ ಪಾದರಸ ಇದೆ. ಹಳೆಯದನ್ನು ತೋಟದ ಹೊಂಡಕ್ಕೆ ಎಸೆಯದೆ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ ಲ್ಯಾಂಪ್ ಅಂತ ಬರೆದು ಇ-ತ್ಯಾಜ್ಯದ ಜೊತೆ ಕೊಡಿ.