ಟಾಗಲ್ ಸ್ವಿಚ್: ನಡುವೆ ನಿಲ್ಲದ ಕಡ್ಡಿ

ಮಂಡ್ಯ ಕಡೆಯ ಪಂಪ್‌ಸೆಟ್ ಮನೆಗಳಲ್ಲಿ ಸ್ಟಾರ್ಟರ್ ಪಕ್ಕ ಒಂದು ಆಟೋ ಪೆಟ್ಟಿಗೆ, ಅಂದರೆ ಕರೆಂಟು ಬಂದಾಗ ಮೋಟಾರನ್ನು ತಾನೇ ಚಾಲೂ ಮಾಡುವ ಪೆಟ್ಟಿಗೆ, ಇರುವುದುಂಟು. ಅಂಥ ಅನೇಕ ಪೆಟ್ಟಿಗೆಗಳ ಮುಖದ ಮೇಲೆ ತುದಿ ದಪ್ಪಗಾದ ಪುಟ್ಟ ಲೋಹದ ಕಡ್ಡಿ ಕಾಣುತ್ತದೆ. ಈ ಕಡೆ ತಳ್ಳಿದರೆ ಆಟೋ, ಆ ಕಡೆ ತಳ್ಳಿದರೆ ಮ್ಯಾನ್ಯುಯಲ್. ಅದೇ ಟಾಗಲ್ ಸ್ವಿಚ್. ಹೆಸರು ಹಡಗಿನವರದು: ಹಗ್ಗದ ಕುಣಿಕೆಯೊಳಗೆ ಅಡ್ಡಲಾಗಿ ತೂರಿಸುವ ಗೂಟಕ್ಕೆ ಅವರು ಟಾಗಲ್ ಎನ್ನುತ್ತಿದ್ದರು.

ಆ ಕಡ್ಡಿಯನ್ನು ಬೇಕೆಂದೇ ನಿಧಾನವಾಗಿ ತಳ್ಳಿ ನೋಡಿ. ಮೊದಲು ಬೆರಳಿಗೆ ಎದುರೊತ್ತುತ್ತದೆ, ನಡುಭಾಗ ದಾಟಿದ್ದೇ ತಡ, ಟಕ್ ಎಂದು ತಾನೇ ಹಾರಿಕೊಳ್ಳುತ್ತದೆ. ಕಬ್ಬಿನ ಗಾಡಿ ದಿಬ್ಬ ಹತ್ತಿದ ಹಾಗೆ: ನೆತ್ತಿಯವರೆಗೆ ಎತ್ತು ಎಳೆಯಬೇಕು, ಆಮೇಲೆ ಗಾಡಿಯೇ ಎತ್ತನ್ನು ನೂಕುತ್ತದೆ. ನಿಮ್ಮ ಬೆರಳು ಮಾಡುವುದು ಒಳಗಿನ ಸ್ಪ್ರಿಂಗನ್ನು ಅದುಮುವ ಕೆಲಸ ಮಾತ್ರ. ತಾಮ್ರದ ಪಟ್ಟಿಯನ್ನು ಒಂದು ಸಂಪರ್ಕದಿಂದ ಇನ್ನೊಂದಕ್ಕೆ ಎಸೆಯುವುದು ಸ್ಪ್ರಿಂಗು.

ಇಷ್ಟು ಅವಸರ ಏಕೆ? ಸಂಪರ್ಕ ಬಿಡುವಾಗ ನಡುವಿನ ಗಾಳಿಯಲ್ಲೇ ವಿದ್ಯುತ್ತು ಕಿಡಿಯಾಗಿ ಹರಿಯುತ್ತದೆ. ನಿಧಾನವಾಗಿ ಬಿಟ್ಟಷ್ಟೂ ಕಿಡಿ ಉಳಿದು ಲೋಹವನ್ನು ಸುಡುತ್ತದೆ. ಮನೆಗೆ ಬರುವ, ದಿಕ್ಕು ಬದಲಿಸುತ್ತ ಹರಿಯುವ ಎಸಿ ವಿದ್ಯುತ್ತು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಒಂದೇ ದಿಕ್ಕಿನಲ್ಲಿ ಹರಿಯುವ ಸೋಲಾರ್ ಫಲಕದ ಡಿಸಿಗೆ ಆ ಬಿಡುವಿಲ್ಲ. ಆದ್ದರಿಂದ 250 ವೋಲ್ಟ್ ಎಸಿ ಎಂದು ಬರೆದ ಸ್ವಿಚ್ಚನ್ನು ಅಷ್ಟೇ ವೋಲ್ಟಿನ ಡಿಸಿಗೆ ಹಾಕುವುದು ಅಪಾಯ. ಕೊಳ್ಳುವಾಗ ಮೈಮೇಲಿನ ಬರಹ ಓದಿ.

ಟಾಗಲ್ ಇಟ್ಟಲ್ಲೇ ಇರುತ್ತದೆ. ಅದೇ ಅದರ ಗುಣ, ಅದೇ ದೋಷ. ಕರೆಂಟು ಹೋಗಿ ಬಂದರೆ ಅದು ಆನ್ ಆಗಿಯೇ ಕಾದಿರುತ್ತದೆ. ಮೋಟಾರನ್ನು ಹಾಗೆ ಬಿಡಲಾಗದು. ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತಿದಾಗ ಕಾಯಿಲ್ ಎಂಬ ತಂತಿಸುರುಳಿ ಸಂಪರ್ಕವನ್ನು ಹಿಡಿದುಕೊಳ್ಳುತ್ತದೆ, ಕರೆಂಟು ಹೋದೊಡನೆ ಕೈಬಿಡುತ್ತದೆ. ಮತ್ತೆ ಗುಂಡಿ ಒತ್ತಲು ಕತ್ತಲಲ್ಲಿ ಗದ್ದೆಗೆ ನಡೆದು ಬೇಸತ್ತವರಿಗಾಗಿಯೇ ಆಟೋ ಪೆಟ್ಟಿಗೆ ಹುಟ್ಟಿದ್ದು.

ವಿಮಾನದ ಚಾಲಕರ ಕೋಣೆ, ಧ್ವನಿವರ್ಧಕದ ಆಂಪ್ಲಿಫೈಯರ್, ಟ್ರ್ಯಾಕ್ಟರಿನ ಹೆಚ್ಚುವರಿ ದೀಪ, ಎಲ್ಲೆಡೆ ಇದಕ್ಕೆ ಕೆಲಸವಿದೆ. ವಿಮಾನದಲ್ಲಿ ಕೈತಪ್ಪಿ ತಗುಲದಂತೆ ಕೆಲವಕ್ಕೆ ಮುಚ್ಚಳವನ್ನೂ ಹಾಕುತ್ತಾರೆ. ನೋಡಿದೊಡನೆ ಸ್ಥಿತಿ ತಿಳಿಯುವುದು ದೊಡ್ಡ ಅನುಕೂಲ: ನಮ್ಮಲ್ಲಿ ಕೆಳಗಿದ್ದರೆ ಆನ್, ಅಮೆರಿಕದಲ್ಲಿ ಮೇಲಿದ್ದರೆ ಆನ್.

ಮೈಸೂರಿನ ಹಳೆಯ ಮಹಡಿ ಮನೆಗಳ ಮೆಟ್ಟಿಲ ದೀಪ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕೆಳಗೊಂದು, ಮೇಲೊಂದು ಟೂ ವೇ ಸ್ವಿಚ್. ಯಾವುದನ್ನು ಅತ್ತಿತ್ತ ಮಾಡಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಅಲ್ಲಿ ಕಡ್ಡಿ ನೋಡಿ ಪ್ರಯೋಜನವಿಲ್ಲ, ದೀಪವನ್ನೇ ನೋಡಬೇಕು.