ಮೊದಲು ಎದ್ದು ಕೊನೆಗೆ ಮಲಗುವ ಎಳೆಗಳು

ಹಲ್ಲಿನ ಡಾಕ್ಟರ್ ಕೈಯಲ್ಲಿ ಇರುವುದು ಒಂದು ಪುಟ್ಟ ಕನ್ನಡಿ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವರು ಭಾರದ್ದು ಏನನ್ನೂ ಎತ್ತುವುದೇ ಇಲ್ಲ. ಆದರೂ ಸಂಜೆ ಆಗುವ ಹೊತ್ತಿಗೆ ಇಬ್ಬರ ಕೈಯೂ ತಾನಾಗೇ ಕತ್ತಿನ ಹಿಂದಕ್ಕೆ ಹೋಗುತ್ತದೆ. ಏನಾಯ್ತು ಅಂತ ಕೇಳಿದರೆ ಉತ್ತರ ಸಿದ್ಧ: "ನರ ಹಿಡ್ಕೊಂಡಿದೆ." ಇಲ್ಲವೇ, "ಮೂಳೆ ಸವೆದಿದೆ."

ಈ ಎರಡನೇ ಮಾತು ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಕತ್ತು ನೋವೇ ಇಲ್ಲದ 1,211 ಜನರ ಕತ್ತನ್ನು ಜಪಾನಿನ ಸಂಶೋಧಕರು ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಅದರ ಫಲಿತಾಂಶ ಬಂತು. ಅವರಲ್ಲಿ ಶೇಕಡಾ 87.6 ಜನರ ಡಿಸ್ಕ್, ಅಂದರೆ ಕತ್ತಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತು ಅಂದುಕೊಳ್ಳಬಾರದು. ತೋಳಿಗೆ ಜೋಮು ಇಳಿದರೆ, ಕೈಯ ಹಿಡಿತ ಸಡಿಲವಾದರೆ ಅದು ಬೇರೆ ವಿಷಯ. ಆಗ ತಡ ಮಾಡದೆ ತೋರಿಸಿಕೊಳ್ಳಬೇಕು.

ತಲೆಯ ತೂಕ ಸುಮಾರು 5 ಕಿಲೋ, ಬಾಗಿದಷ್ಟೂ ಕತ್ತಿಗೆ ಹೊರೆ ಜಾಸ್ತಿ. ಇದು ನಿಮಗೆ ಗೊತ್ತಿರುವುದೇ. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಸಂಗತಿ: ಹೊರೆ ತೀರಾ ಕಡಿಮೆ ಇದ್ದರೂ ಕತ್ತು ನೋಯುತ್ತದೆ. ಅದು ಹೇಗೆ?

ಒಂದು ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಅವು ತಂಡ ತಂಡವಾಗಿವೆ. ಒಂದೊಂದು ತಂಡಕ್ಕೂ ಒಂದೊಂದು ನರಕೋಶದ ಅಪ್ಪಣೆ. 1957ರಲ್ಲಿ ಅಮೆರಿಕದ ನರವಿಜ್ಞಾನಿ ಎಲ್‌ವುಡ್ ಹೆನ್ನೆಮನ್ ಇಲ್ಲೊಂದು ನಿಯಮ ಕಂಡರು. ಚಿಕ್ಕ ನರಕೋಶದ ತಂಡ ಮೊದಲು ಏಳುತ್ತದೆ. ಬಲ ಇನ್ನೂ ಬೇಕಾದರೆ ಮಾತ್ರ ದೊಡ್ಡವು ಬರುತ್ತವೆ. ಬಲ ಸಾಕಾದಾಗ ಮೊದಲು ಮನೆಗೆ ಹೋಗುವವು ಆ ದೊಡ್ಡವೇ. ಚಿಕ್ಕ ತಂಡ ಕೊನೆಯ ತನಕ ದುಡಿಯುತ್ತದೆ.

ಹತ್ತು ಜನರ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಮಲಗಿದ ಮೇಲೆ ದೀಪ ಆರಿಸುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ನೆಂಟರು ಬಂದರೆ ಸಹಾಯಕ್ಕೆ ನಾಲ್ಕು ಕೈ ಸೇರುತ್ತವೆ. ಯಾರೂ ಬರದ ದಿನ ಎಲ್ಲವೂ ಅವಳೊಬ್ಬಳದೇ. ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಈ ವಿಚಾರಕ್ಕೆ, ಕಥೆಯಲ್ಲಿ ಮನೆಗೆಲಸವೆಲ್ಲ ಒಬ್ಬಳೇ ಮಾಡುವ ಸಿಂಡರೆಲಾ ಹೆಸರನ್ನೇ ಇಟ್ಟರು. ಬೇಕಾದರೆ ಹೀಗೂ ನೋಡಿ: ನೂರು ಬಲ್ಬು ಇರುವ ಮನೆಯಲ್ಲಿ ಬಾಗಿಲ ದೀಪ ಮಾತ್ರ ಹಗಲೂ ರಾತ್ರಿ ಉರಿಯುತ್ತಿದೆ. ಕರೆಂಟು ಬಿಲ್ಲು ನೋಡಿದರೆ ಖರ್ಚು ಅಲ್ಪ. ಆದರೆ ಆ ಒಂದು ಬಲ್ಬಿನ ಗತಿ? ಕತ್ತಿನಿಂದ ಹೆಗಲಿಗೆ ಹರಡಿದ ಸ್ನಾಯುವೂ ಹಾಗೆಯೇ, ಒಟ್ಟಾರೆ ಆರಾಮಾಗಿದೆ, ಒಳಗೆ ಕೆಲವು ಎಳೆ ಮಾತ್ರ ಬಳಲಿ ಬೆಂಡಾಗಿವೆ.

ಇದು ಇನ್ನೂ ಊಹೆಯೇ. ಆದರೆ ಇದಕ್ಕೆ ಒತ್ತಾಸೆ ಇದೆ. ನಾರ್ವೆಯಲ್ಲಿ ಪ್ಯಾಕಿಂಗ್ ಕೆಲಸದ ಹೆಂಗಸರ ಹೆಗಲಿಗೆ ವಿದ್ಯುದ್ವಾರ ಅಂಟಿಸಿ ಸ್ನಾಯುವಿನ ಸದ್ದು, ಅಂದರೆ ಅದು ದುಡಿಯುವಾಗ ಹೊಮ್ಮುವ ವಿದ್ಯುತ್ತು, ಅಳೆದರು. ಕೆಲಸದ ನಡುವೆ ಸ್ನಾಯು ಆಗಾಗ ಪೂರ್ತಿ ಮೌನವಾಗುತ್ತಿತ್ತು, ಸೆಕೆಂಡಿನ ಐದನೇ ಒಂದು ಭಾಗದಷ್ಟು ಪುಟ್ಟ ಮೌನ. ಈ ಮೌನಗಳು ಯಾರಲ್ಲಿ ಕಡಿಮೆಯೋ ಅವರಲ್ಲೇ ನೋವು ಹೆಚ್ಚು ಕಾಣಿಸಿತು.

ಈಗ ಆಪರೇಷನ್ ಥಿಯೇಟರಿಗೆ ಬನ್ನಿ. ಸರ್ಜನ್ ಗಾಯದಿಂದ ಕಣ್ಣು ತೆಗೆಯುವ ಹಾಗಿಲ್ಲ. ಎಕ್ಸ್‌ರೇ ನೆರವಿನ ಚಿಕಿತ್ಸೆಯಾದರೆ ಹೆಗಲ ಮೇಲೆ ಹಲವು ಕಿಲೋ ತೂಕದ ಸೀಸದ ಏಪ್ರನ್ ಬೇರೆ. ಅಲ್ಟ್ರಾಸೌಂಡ್ ಮಾಡುವವರ ಕೈ ಒಂದು ಕಡೆ ಒತ್ತುತ್ತಿರುತ್ತದೆ, ಮುಖ ಇನ್ನೊಂದು ಕಡೆ ತಿರುಗಿರುತ್ತದೆ. ಮೌನಕ್ಕೆ ಜಾಗ ಎಲ್ಲಿದೆ? ಇದಕ್ಕೆ ಆತಂಕವೂ ಸೇರುತ್ತದೆ. ಸುಮ್ನೆ ಕೂತು ಕಷ್ಟದ ಲೆಕ್ಕ ಮಾಡಿದರೂ ಹೆಗಲಿನ ಸ್ನಾಯು ಬಿಗಿಯುವುದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ಐಸಿಯುನಲ್ಲಿ ಅಲಾರಂಗೆ ಕಿವಿಗೊಟ್ಟು ನಿಂತ ನರ್ಸ್‌ಗೆ ಹೆಗಲು ಬಿಗಿಯಲು ಕತ್ತು ಬಾಗಿಸಬೇಕಾಗಿಯೇ ಇಲ್ಲ.

1700ರಲ್ಲಿ ಇಟಲಿಯ ವೈದ್ಯ ಬೆರ್ನಾರ್ದಿನೋ ರಾಮಜ್ಜಿನಿ ದುಡಿಯುವವರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದರು. ರೋಗಿಯನ್ನು "ನೀನು ಏನು ಕೆಲಸ ಮಾಡ್ತೀಯ?" ಅಂತಲೂ ಕೇಳಿ ಎಂದು ವೈದ್ಯರಿಗೆ ಹೇಳಿದರು. ಸೂಲಗಿತ್ತಿಯರಿಗೂ ಅದರಲ್ಲಿ ಒಂದು ಅಧ್ಯಾಯ ಇದೆ. ಲೆಕ್ಕಪತ್ರ ಬರೆಯುವವರ ಕಷ್ಟಕ್ಕೆ ಅವರು ಕೊಟ್ಟ ಕಾರಣ ಮೂರು: ಕೂತೇ ಇರುವುದು, ಕೈಯ ಒಂದೇ ಚಲನೆ, ತಪ್ಪಬಾರದೆಂಬ ಮನಸ್ಸಿನ ಒತ್ತಡ. ಇವತ್ತಿನ ಸರ್ಜನ್ ಬಗ್ಗೆಯೇ ಬರೆದಂತಿದೆ, ಅಲ್ವಾ?

ಕತ್ತನ್ನು ಯಾರದೋ ಕೈಗೆ ಕೊಟ್ಟು ಲಟಕ್ ಅನ್ನಿಸಿಕೊಳ್ಳುವ ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಭಯ ಇದೆ. ಆ ಸದ್ದು ಕೀಲಿನ ದ್ರವದಲ್ಲಿ ಏಳುವ ಅನಿಲದ ಗುಳ್ಳೆಯದು. ಯಾವ ಮೂಳೆಯೂ ಅದರಿಂದ ಜಾಗಕ್ಕೆ ಬಂದು ಕೂರುವುದಿಲ್ಲ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದೂ ಉಂಟು.

ಆ ಎಳೆಗಳಿಗೆ ಬೇಕಾದದ್ದು ಬಿಡುವು. ಕೆಲವು ಥಿಯೇಟರುಗಳಲ್ಲಿ 20ರಿಂದ 40 ನಿಮಿಷಕ್ಕೊಮ್ಮೆ ಸರ್ಜನ್ನರು ನಿಂತಲ್ಲೇ, ಗ್ಲೌಸ್ ತೆಗೆಯದೆ, ಒಂದೂವರೆ ನಿಮಿಷ ಕತ್ತು, ಹೆಗಲು ಆಡಿಸಿ ನೋಡಿದ್ದಾರೆ. ನೋವು ತಗ್ಗಿತು, ಆಪರೇಷನ್ ಸಮಯವೂ ಹೆಚ್ಚಲಿಲ್ಲ. ಮುಖ ನೇರವಾಗಿದ್ದರೂ ನೋಟ ಕೆಳಗೆ ಬೀಳುವಂತೆ ಪ್ರಿಸ್ಮ್ ಕೂರಿಸಿದ ಕನ್ನಡಕಗಳೂ ಬಂದಿವೆ. ಇಷ್ಟೆಲ್ಲ ಇಲ್ಲದಿದ್ದರೂ, ಎಷ್ಟೋ ಆಸ್ಪತ್ರೆ ಮಂಚಗಳಲ್ಲಿ ಎತ್ತರ ಏರಿಸುವ ಪೆಡಲ್ ಅಥವಾ ಬಟನ್ ಇದ್ದೇ ಇರುತ್ತದೆ. ಸೂಜಿ ಹಾಕುವ ಮುಂಚೆ ಅದನ್ನು ಒತ್ತಲು ಕೆಲವೇ ಸೆಕೆಂಡು ಸಾಕು.